ನೋಡಲು ಬಂದವರು ತಂದ ಬ್ರೆಡ್ಡು

ವಿಮಲಳ ಗಾಲ್ ಬ್ಲಾಡರ್ ತೆಗೆದು ನಾಲ್ಕು ದಿನವಾಗಿತ್ತು. ಮನೆಗೆ ಬಂದಿದ್ದಾಳೆಂದು ತಿಳಿದು ಮೊನ್ನೆ ಸಾಯಂಕಾಲ ನೋಡಿಕೊಂಡು ಬರಲು ಹೋದೆ. ದೂರವೇನಿಲ್ಲ, ನಮ್ಮದೇ ಬೀದಿಯಲ್ಲಿ ಆರನೆಯ ಮನೆ. ಅವಳ ಮಂಚದ ಪಕ್ಕದ ಟೀಪಾಯಿಯ ಮೇಲೆ ಮಾತ್ರೆ, ಫ್ಲಾಸ್ಕು, ಓದುವ ಕನ್ನಡಕ. ಅದರ ಹಿಂದೆ, ಗ್ರೂಪ್ ಫೋಟೋಗೆ ನಿಂತ ಮಕ್ಕಳ ಹಾಗೆ ಸಾಲಾಗಿ ಐದು ಬ್ರೆಡ್ಡು. ಒಂದರ ಬಾಯಿ ತೆರೆದಿತ್ತು. ಕೋಣೆಗೆ ಕಾಲಿಟ್ಟ ಕೂಡಲೇ ಆ ವಾಸನೆ ಬಂದು ನನ್ನ ಮೂಗನ್ನು ಮಗುವಿನ ಹಾಗೆ ಹಿಡಿದೆಳೆಯಿತು.

ನಮ್ಮ ತುಮಕೂರಿನಲ್ಲಿ ಇದೊಂದು ಪದ್ಧತಿ, ನಿಮಗೂ ಗೊತ್ತಿರುತ್ತದೆ. ಯಾರಿಗೆ ಏನೇ ಆಗಲಿ, ಜ್ವರ ಬರಲಿ, ಸೊಂಟ ಹಿಡಿಯಲಿ, ಕಣ್ಣಿನ ಪೊರೆ ತೆಗೆಯಲಿ, ನೋಡಲು ಹೊರಟವರು ದಾರಿಯ ಬೇಕರಿಯಲ್ಲಿ ಒಂದು ನಿಮಿಷ ನಿಂತೇ ಹೋಗುತ್ತಾರೆ. ಹಣ್ಣು ತಂದರೆ ಶೀತ, ಸಿಹಿ ತಂದರೆ ಶುಗರ್. ಬ್ರೆಡ್ಡು ಮಾತ್ರ ಯಾರಿಗೂ ಏನೂ ಮಾಡದ ಬಡಪಾಯಿ. ಈ ಬಡಪಾಯಿ ನನಗೆ ಐವತ್ತು ವರ್ಷ ಏನೇನು ಮಾಡಿತು ಎಂಬುದನ್ನು ಹೇಳುವುದಕ್ಕೇ ಇಷ್ಟು ಪೀಠಿಕೆ.

ಬ್ರೆಡ್ಡಿನ ಪರಿಚಯ ನನಗೆ ಮಾಡಿಸಿದ್ದು ಕಾನ್ವೆಂಟು. ನಮ್ಮ ತಂದೆಗೆ ಗುಬ್ಬಿಯಲ್ಲಿ ತೆಂಗಿನಕಾಯಿ ವ್ಯಾಪಾರ. ಮಗಳು ಇಂಗ್ಲಿಷ್ ಕಲಿಯಲಿ ಎಂದು ನನ್ನನ್ನು ಎಂಟನೆಯ ವಯಸ್ಸಿಗೇ ತುಮಕೂರಿನ ಹಾಸ್ಟೆಲಿಗೆ ತಂದು ಬಿಟ್ಟರು. ಅಲ್ಲಿ ಬೆಳಿಗ್ಗೆ ಬ್ರೆಡ್ಡು, ಬೆಣ್ಣೆ, ತೆಳ್ಳಗೆ ಸವರಿದ ಜಾಮು. ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವಳು ಇದೇ ವಿಮಲ. ಅವಳಿಗೆ ಬ್ರೆಡ್ಡಿನ ಅಂಚು ಸೇರುತ್ತಿರಲಿಲ್ಲ. ಸುತ್ತಲೂ ಬಿಡಿಸಿ ನನ್ನ ತಟ್ಟೆಗೆ ಹಾಕುವಳು, ನಾನು ತಿನ್ನುವೆನು. ಮನೆಯಲ್ಲಿ ಮುದ್ದೆ ತಿನ್ನುತ್ತೇವೆಂದು ನಾನು ಯಾರಿಗೂ ಹೇಳಲಿಲ್ಲ. ಒಮ್ಮೆ ಸಿಸ್ಟರ್ ಫ್ಲೋರಾ, ನಿಮ್ಮ ಮನೆಯಲ್ಲಿ ಬ್ರೇಕ್‌ಫಾಸ್ಟಿಗೆ ಏನು ಎಂದು ಕೇಳಿದಾಗ, “ಟೋಸ್ಟ್, ಸಿಸ್ಟರ್” ಎಂದುಬಿಟ್ಟಿದ್ದೆ. ಗುಬ್ಬಿಯ ನಮ್ಮ ಮನೆಯಲ್ಲಿ ಆಗ ಟೋಸ್ಟ್ ಎಂಬ ಪದಾರ್ಥ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಹಾಸ್ಟೆಲಿನಲ್ಲಿ ನನಗೆ ಸದಾ ಹೊಟ್ಟೆನೋವು. ಹೊಟ್ಟೆ ಉಬ್ಬರ, ಭೇದಿ, ಸುಸ್ತು. ಸಿಕ್ ರೂಮಿನ ಕಿಟಕಿಯಿಂದ ಕಾಣುವ ಬೇವಿನ ಮರದ ಒಂದೊಂದು ಕೊಂಬೆಯೂ ನನಗೆ ಬಾಯಿಪಾಠ. ಅಲ್ಲಿ ಮಲಗಿದವರಿಗೆ ಪಥ್ಯವೆಂದರೆ ಬಿಸಿ ಹಾಲಿನಲ್ಲಿ ನೆನೆಸಿದ ಬ್ರೆಡ್ಡು. ರಜೆಗೆ ಗುಬ್ಬಿಗೆ ಹೋದರೆ ಹತ್ತು ದಿನದಲ್ಲಿ ಗುಂಡಗೆ ಆಗಿಬಿಡುತ್ತಿದ್ದೆ. ಸಿಸ್ಟರ್ ಅದಕ್ಕೆ ಹೋಮ್‌ಸಿಕ್‌ನೆಸ್ ಎಂದು ಹೆಸರಿಟ್ಟರು, ಅಮ್ಮ ದೃಷ್ಟಿ ಎಂದಳು. ಮನೆಯಲ್ಲಿ ನಾನು ತಿನ್ನುತ್ತಿದ್ದುದು ಅನ್ನ ಮತ್ತು ರಾಗಿ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳಬೇಕು ಹೇಳಿ?

ಮದುವೆಯಾಗಿ ಸೇರಿದ್ದು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯವರ ಮನೆಗೆ. ಇವರು ತುಮಕೂರಿನಲ್ಲಿ ಕಾಲೇಜು ಮೇಷ್ಟ್ರು. ನಾನೂ ಇಲ್ಲೇ ಒಂದು ಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆದೆ. ಅತ್ತೆ ನಮ್ಮ ಜೊತೆಗೇ ಇದ್ದರು, ಶಿವಭಕ್ತೆ. ಸೋಮವಾರ ಮನೆಮಂದಿಗೆಲ್ಲ ಒಪ್ಪತ್ತು. ಒಪ್ಪತ್ತೆಂದರೆ ಉಪವಾಸ ಎಂದುಕೊಳ್ಳಬೇಡಿ. ಸಾಯಂಕಾಲ ಅನ್ನ ಮುಟ್ಟುವಂತಿಲ್ಲ, ಮುದ್ದೆ ಮುಟ್ಟುವಂತಿಲ್ಲ, ಅಷ್ಟೆ. ಬದಲಿಗೆ ತುಪ್ಪ ಸುರಿದ ರವೆ ಉಪ್ಪಿಟ್ಟು, ಚಪಾತಿ, ಸಜ್ಜಿಗೆ. ದೇವರ ಹೆಸರಿನಲ್ಲಿ ನಾವು ಅನ್ನ ಬಿಟ್ಟು ಗೋಧಿ ಹಿಡಿಯುವವರು. ಸೋಮವಾರ ನಾನು ಎಲ್ಲರಿಗಿಂತ ಭಕ್ತಿಯಿಂದ ತಿನ್ನುತ್ತಿದ್ದೆ, ಮಂಗಳವಾರ ಎಲ್ಲರಿಗಿಂತ ಮುಂಚೆ ಎದ್ದು ಬಚ್ಚಲಿಗೆ ಓಡುತ್ತಿದ್ದೆ. ಮಂಗಳವಾರದ ಫಸ್ಟ್ ಪೀರಿಯಡ್ಡಿನಲ್ಲಿ ನಾನು ನಿಂತು ಪಾಠ ಮಾಡಿದ್ದು ಕಡಿಮೆ. ಅತ್ತೆ ಕೆಟ್ಟವರಲ್ಲ. ಆದರೆ ಅವರು ನನಗಿಟ್ಟ ಹೆಸರು ಮನೆಯಲ್ಲೇ ನಿಂತುಬಿಟ್ಟಿತು: “ಅವಳದು ಕಾನ್ವೆಂಟ್ ಹೊಟ್ಟೆ.”

ಡಾಕ್ಟರುಗಳನ್ನು ಕಂಡಿಲ್ಲವೆಂದಲ್ಲ. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ, ಗ್ಯಾಸ್ ಎಂದು ಗುಲಾಬಿ ಬಣ್ಣದ ಸಿರಪ್ಪು, ನರ್ವ್ಸ್ ಎಂದು ನಿದ್ದೆಯ ಗುಳಿಗೆ. ಕೊನೆಗೆ ಎಲ್ಲರೂ ಹೇಳುತ್ತಿದ್ದ ಮಾತು, ಏನೂ ಇಲ್ಲ, ಎರಡು ದಿನ ಬ್ರೆಡ್ಡು ಹಾಲು ತಗೊಳ್ಳಿ. ಏನೂ ಇಲ್ಲ ಎಂಬುದನ್ನು ವರ್ಷಗಟ್ಟಲೆ ಕೇಳಿ ನನಗೂ ಹಾಗೇ ಅನಿಸತೊಡಗಿತು. ನಾನು ಸ್ವಲ್ಪ ನಾಟಕದವಳೇ ಇರಬೇಕು, ಗಮನ ಸೆಳೆಯಲು ಹೀಗೆ ಮಾಡುತ್ತಿರಬೇಕು ಎಂದು ನನ್ನ ಮೇಲೆ ನನಗೇ ಗುಮಾನಿ. ರೋಗಕ್ಕಿಂತ ಅದು ಹೆಚ್ಚು ನೋಯಿಸುತ್ತಿತ್ತು ಎಂದು ಈಗ ಅನಿಸುತ್ತದೆ.

ಆರು ವರ್ಷದ ಹಿಂದೆ, ನಾನು ರಿಟೈರ್ ಆಗಿ ಆರಾಮಾಗಿದ್ದಾಗ, ನನ್ನ ನಾದಿನಿ ಗಂಗಮ್ಮ ಕೊತ್ತಗೆರೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಕಾಲು ಮುರಿದುಕೊಂಡಳು. ಅವಳನ್ನು ಕೊಟ್ಟಿದ್ದು ಅದೇ ಊರಿಗೆ. ಇವರ ತಂಗಿ, ನನಗಿಂತ ಎರಡು ವರ್ಷ ಚಿಕ್ಕವಳು. ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಳು, ಗಂಡ ಮತ್ತು ಮಗ ತೋಟ, ಹೊಲ ಎಂದು ಹೊರಗೆ. ಅಡಿಗೆಗೆ ಜನವಿಲ್ಲ. ನಾನು ಹೋಗುತ್ತೇನೆ ಎಂದೆ. ಇವರು ನಕ್ಕರು. ಮುದ್ದೆ ತೊಳಸಲು ಬಾರದವಳು ಕೊತ್ತಗೆರೆಯಲ್ಲಿ ಏನು ಮಾಡುತ್ತೀಯೆ, ಸ್ಯಾಂಡ್‌ವಿಚ್ಚೇ ಎಂದರು.

ಅದೇ ಆಯಿತು. ಮೊದಲ ದಿನ ನಾನು ಮಾಡಿದ ಮುದ್ದೆಯಲ್ಲಿ ಗಂಟುಗಳೇ ಜಾಸ್ತಿ, ಮುದ್ದೆ ಕಡಿಮೆ. ಗಂಗಮ್ಮ ಪ್ಲಾಸ್ಟರಿನ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು, ಅಡಿಗೆಮನೆಯ ಬಾಗಿಲಿಗೆ ಮಂಚ ಹಾಕಿಸಿಕೊಂಡು, ಅಲ್ಲಿಂದಲೇ ಡೈರೆಕ್ಷನ್ ಕೊಡುತ್ತಿದ್ದಳು. ನೀರು ಮರಳಲಿ, ಹಿಟ್ಟು ಒಂದೇ ಸಲ ಸುರಿ, ಕೋಲು ನಿಲ್ಲಿಸಬೇಡ. ಅಷ್ಟು ವರ್ಷ ಮಕ್ಕಳಿಗೆ ಗ್ರಾಮರ್ ಕಲಿಸಿದವಳು ಕೋಲು ಹಿಡಿದು ಬೆವೆತೆ. ಊಟಕ್ಕೆ ಕೂತರೆ ಇನ್ನೊಂದು ಪಾಠ. ಕಾನ್ವೆಂಟಿನಲ್ಲಿ ಪ್ರತಿ ತುತ್ತನ್ನೂ ಮೂವತ್ತೆರಡು ಸಲ ಅಗಿಯಲು ಕಲಿಸಿದ್ದರಲ್ಲ, ನಾನು ಮುದ್ದೆಯನ್ನೂ ಹಾಗೇ ಅಗಿಯುತ್ತಿದ್ದೆ.

“ಅಗೀಬ್ಯಾಡ ಅತ್ಗೆ,” ಎಂದಳು ಗಂಗಮ್ಮ. “ಸಾರಲ್ಲಿ ಅದ್ದು, ನುಂಗು. ಅದೇನ್ ನಿನ್ ಮೇಲೆ ದಾವಾ ಹಾಕಲ್ಲ.”

ನುಂಗಿದೆ. ಎರಡು ವಾರ ಕಳೆಯಿತು. ಒಂದು ಬೆಳಿಗ್ಗೆ ತೊಟ್ಟಿಯ ಹತ್ತಿರ ಮುಖ ತೊಳೆಯುತ್ತಾ ನಿಂತಾಗ, ಏನೋ ಮರೆತಿದ್ದೇನೆ ಅನಿಸಿತು. ಏನೆಂದು ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಹೊಟ್ಟೆ ನೋಯುತ್ತಿರಲಿಲ್ಲ. ಅಷ್ಟೇ. ಅದೂ ಎಷ್ಟೋ ದಿನದಿಂದ.

ಮೂರನೆಯ ವಾರ ನನಗೆ ಭಕ್ತಿ ಬಂತು. ಅವರ ಮನೆಯಲ್ಲಿ ಸೋಮವಾರಕ್ಕೆ ಬಾಳೆಹಣ್ಣು, ಅವಲಕ್ಕಿ ಅಷ್ಟೆ. ನಾನೇ ಕುಣಿಗಲ್ಲಿನಿಂದ ರವೆ ತರಿಸಿ, ನನಗೆ ಚೆನ್ನಾಗಿ ಬರುವುದು ಇದೊಂದಾದರೂ ಇದೆ ಎಂದು ಉಪ್ಪಿಟ್ಟು ಮಾಡಿ ಬಡಿಸಿ, ಎರಡು ಸಲ ಹಾಕಿಸಿಕೊಂಡು ತಿಂದೆ. ಮಂಗಳವಾರ ನನ್ನನ್ನು ಹುಡುಕಿಕೊಂಡು ಕೊತ್ತಗೆರೆಗೇ ಬಂತು. ನಾನು ಓಡುವುದನ್ನೂ ಬರುವುದನ್ನೂ ಗಂಗಮ್ಮ ಮಂಚದಿಂದಲೇ ಎಣಿಸುತ್ತಿದ್ದಳು. ಹಸು ಕರು ಸಾಕಿದವಳು ಅವಳು, ಯಾವುದಕ್ಕೆ ಯಾವ ಮೇವು ಒಗ್ಗಲಿಲ್ಲ ಎಂದು ನೋಡಿ ಅಭ್ಯಾಸ. ಬಾಯಿಬಿಟ್ಟು ಹೇಳದ ಪ್ರಾಣಿಗಳ ಜೊತೆ ಬಾಳಿದವಳಿಗೆ, ಬಾಯಿಬಿಟ್ಟು ಹೇಳಿದರೂ ಯಾರೂ ಕೇಳದ ನನ್ನದು ಸುಲಭವಾಯಿತೇನೋ.

“ನಿಂಗೆ ಗೋಧಿ ಆಗ್ಬರಲ್ಲ ಕಣತ್ಗೆ,” ಎಂದಳು. “ಬುಟ್ಬುಡು ಅದ್ನ.”

ಬಿಟ್ಟೆ. ತುಮಕೂರಿಗೆ ಬಂದ ಮೇಲೂ ಬಿಟ್ಟೇ ಇದ್ದೆ, ಗಂಗಮ್ಮ ಕೊತ್ತಗೆರೆಯಿಂದ ಕಳಿಸುತ್ತಿದ್ದ ರಾಗಿಹಿಟ್ಟೇ ಊಟ. ಐದಾರು ತಿಂಗಳಲ್ಲಿ ನಾಲ್ಕು ಕೇಜಿ ಹೆಚ್ಚಿದೆ. ರವಿಕೆಗಳೆಲ್ಲ ಬಿಗಿಯಾದವು. ಜೀವನದಲ್ಲಿ ಮೊದಲ ಸಲ ಟೈಲರನ ಹತ್ತಿರ ಬಿಚ್ಚಿ ಹೊಲಿಯಪ್ಪ ಎಂದು ಹೇಳುವ ಭಾಗ್ಯ ಬಂತು. ಇಲ್ಲಿಗೆ ಕಥೆ ಮುಗಿಯಬೇಕಿತ್ತು.

ಆದರೆ ಗುಬ್ಬಿಯಲ್ಲಿ ಒಂದು ಮದುವೆ. ಎಲೆಗೆ ಬಂದ ಒಬ್ಬಟ್ಟನ್ನು ಬೇಡವೆಂದೆ, ಚಿರೋಟಿ ಬೇಡವೆಂದೆ, ಪೂರಿ ಬೇಡವೆಂದೆ. ಬಡಿಸುವವರು ಮುಖ ನೋಡಿದರು. ಪಂಕ್ತಿಯಲ್ಲಿ ಒಬ್ಬಾಕೆ, ಈಗ ಟೀವಿಯಲ್ಲಿ ಬರುವ ಡಯಟ್ ಫ್ಯಾಷನ್ನು ಎಂದರು. ನಾನು ಇವರ ಕಡೆ ತಿರುಗಿದೆ, ಇವರು ಏನಾದರೂ ಹೇಳಲಿ ಎಂದು. ಇವರು ಎಲೆ ನೋಡಿಕೊಂಡು ನಕ್ಕು, “ಕಾನ್ವೆಂಟ್ ಹೊಟ್ಟೆ” ಎಂದರು. ತಮಾಷೆಗೇ ಅಂದಿದ್ದು. ಬಸ್ಸಿನಲ್ಲಿ ತುಮಕೂರು ಬರುವವರೆಗೂ ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದೆ. ನನ್ನ ಗಂಡನೂ ನನ್ನನ್ನು ನಂಬಿಲ್ಲ ಎಂಬುದು ಆವತ್ತು ಗೊತ್ತಾಯಿತು. ನನಗೆ ಒಂದು ಕಾಗದ ಬೇಕಿತ್ತು. ಡಾಕ್ಟರ ಸಹಿ, ಸೀಲು ಇರುವ, ಇವಳು ಸುಳ್ಳು ಹೇಳುತ್ತಿಲ್ಲ ಎನ್ನುವ ಕಾಗದ.

ಹೊಟ್ಟೆಯ ಸ್ಪೆಷಲಿಸ್ಟು ಒಬ್ಬ ಹುಡುಗಿ. ಪೋನಿಟೈಲ್ ಕಟ್ಟಿದ್ದಳು, ನನ್ನ ಕೈಯಲ್ಲಿ ಓದಿದ ಮಕ್ಕಳ ವಯಸ್ಸು. ರಕ್ತಪರೀಕ್ಷೆಗೆ ಬರೆದುಕೊಟ್ಟಳು. ರಿಪೋರ್ಟು ಬಂತು. ನಾರ್ಮಲ್. ಇವರು ಅದನ್ನು ಎರಡು ಸಲ ಓದಿ, ಮಡಿಚಿ ನನ್ನ ಕೈಗೆ ಕೊಟ್ಟರು. ಆಸ್ಪತ್ರೆಯ ಕಬ್ಬಿಣದ ಬೆಂಚಿನ ಮೇಲೆ ಕೂತು, ಸರಿ ಹಾಗಾದರೆ ಇನ್ನು ಸತ್ತರೂ ಹೊಟ್ಟೆಯ ಮಾತು ಎತ್ತುವುದಿಲ್ಲ ಎಂದುಕೊಂಡೆ.

ಒಳಗೆ ಹೋದಾಗ ಆ ಹುಡುಗಿ ರಿಪೋರ್ಟು ನೋಡಿ ತಲೆಯೆತ್ತಿ ಕೇಳಿದಳು. “ಆಂಟಿ, ಈಗ ದಿನಾ ಏನ್ ತಿಂತಾ ಇದೀರ?”

ಗಂಗಮ್ಮನ ಅಪ್ಪಣೆಯ ಕಥೆಯನ್ನು ಹೇಳಿದೆ. ಅವಳು ಪೆನ್ನು ಕೆಳಗಿಟ್ಟಳು. ಆಗ ತಿಳಿಸಿ ಹೇಳಿದಳು ನೋಡಿ, ಯಾರೂ ಹೇಳದಿದ್ದುದನ್ನು. ಸೀಲಿಯಾಕ್ ಎಂದು ಒಂದು ಕಾಯಿಲೆ ಇದೆ. ಗೋಧಿ, ಬಾರ್ಲಿಯಲ್ಲಿರುವ ಗ್ಲುಟನ್ ಎಂಬುದನ್ನು ಕಂಡರೆ ಮೈ ತನ್ನ ಕರುಳಿನ ಮೇಲೇ ಜಗಳಕ್ಕೆ ಬೀಳುತ್ತದೆ. ಆ ಜಗಳದ ಗುರುತು ರಕ್ತದಲ್ಲಿ ಸಿಗಬೇಕಾದರೆ ಗೋಧಿ ತಿನ್ನುತ್ತಿರಬೇಕು. ನೀವು ಮೊದಲೇ ಬಿಟ್ಟು ಬಂದಿರಿ, ಗುರುತು ಅಳಿಸಿಹೋಗಿದೆ. ಟೆಸ್ಟ್ ಮಾಡಿಸುವುದಕ್ಕೆ ಮುಂಚೆ ಬಿಡಬಾರದಿತ್ತು ಎಂದಳು. ಈಗ ಎರಡು ದಾರಿ. ಹೀಗೇ ಬಿಟ್ಟು ಆರಾಮಾಗಿರಿ, ಆದರೆ ಖಚಿತವಾಗಿ ಗೊತ್ತಾಗುವುದಿಲ್ಲ. ಇಲ್ಲ, ಆರೆಂಟು ವಾರ ದಿನವೂ ಗೋಧಿ ತಿಂದು ಬನ್ನಿ, ಮತ್ತೆ ರಕ್ತ ನೋಡಿ, ಎಂಡೋಸ್ಕೋಪಿ ಮಾಡೋಣ. ಕಷ್ಟ ಆಗುತ್ತದೆ, ತೀರಾ ತಡೆಯಲಾಗದಿದ್ದರೆ ಫೋನ್ ಮಾಡಿ, ನಿಲ್ಲಿಸೋಣ. ಯೋಚನೆ ಮಾಡಿ ಹೇಳಿ ಎಂದು ಬಿಟ್ಟಳು.

ಗಂಗಮ್ಮ ಫೋನಿನಲ್ಲಿ ಹೌಹಾರಿದಳು. ಆಗಲ್ಲ ಅಂತ ಗೊತ್ತಿದ್ದೂ ತಿನ್ನು ಅನ್ನುವುದು ಯಾವ ಸೀಮೆ ವೈದ್ಯ ಎಂದಳು. ನಾನು ಮಾತ್ರ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ. ಹೀಗೆ, ಆ ವಯಸ್ಸಿನಲ್ಲಿ, ನನಗೆ ಡಾಕ್ಟರ ಚೀಟಿಯಲ್ಲೇ ಬ್ರೆಡ್ಡು ಬರೆದುಕೊಟ್ಟರು. ದಿನಕ್ಕೆ ಎರಡು ಸ್ಲೈಸ್, ಊಟದ ಮೇಲೆ ಎಂದರೂ ಸರಿ, ಮುಂಚೆ ಎಂದರೂ ಸರಿ.

ಒಂದು ಗುಟ್ಟು ಹೇಳುತ್ತೇನೆ. ಮೊದಲ ವಾರ ನಾನು ಸಂತೋಷವಾಗಿದ್ದೆ. ನೋವಿತ್ತು, ಓಡಾಟವಿತ್ತು, ಆದರೂ ಊರು ಬಿಡುವವರು ನೆಂಟರ ಮನೆಗೆಲ್ಲ ಹೋಗಿ ಬರುವ ಹಾಗೆ ಒಂದೊಂದನ್ನೂ ತಿಂದು ಬಂದೆ. ಬೆಣ್ಣೆ ಬಿಸ್ಕತ್ತು, ದಿಲ್‌ಪಸಂದ್, ಖಾರಾ ಬನ್ನು, ಹೂರಣ ಹೊರಗಿಣುಕುವ ಒಬ್ಬಟ್ಟು. ವಿಮಲ ದಿನವೂ ನಾಲ್ಕು ಗಂಟೆಗೆ ಬಂದು ಕಂಪನಿ ಕೊಡುತ್ತಿದ್ದಳು. ಈಗಲೂ ಅಂಚು ಬಿಡಿಸಿ ನನ್ನ ತಟ್ಟೆಗೇ ಹಾಕುತ್ತಿದ್ದಳು. “ಹ್ಯಾವ್ ಇಟ್ ಕಣೇ, ಮತ್ತೆ ಸಿಗಲ್ಲ” ಎಂದು.

ಮೂರನೆಯ ವಾರಕ್ಕೆ ಸಂತೋಷ ಮುಗಿಯಿತು. ಗೋಡೆ ಹಿಡಿದು ಓಡಾಡುವಂತಾಯಿತು. ಇಷ್ಟು ವರ್ಷ ಇವರು ಕಾಲೇಜಿಗೆ ಹೋಗುತ್ತಿದ್ದರು, ನಾನೂ ಮುಚ್ಚಿಡುವುದರಲ್ಲಿ ಪಳಗಿದ್ದೆ. ಈಗ ಇವರೂ ರಿಟೈರ್ ಆಗಿ, ಇಡೀ ದಿನ ಎದುರಿಗೇ ಕೂತು ನೋಡುವಂತಾಯಿತು. ಒಂದು ಬೆಳಿಗ್ಗೆ ನಾನು ಬ್ರೆಡ್ಡಿನ ಪ್ಯಾಕೆಟ್ಟಿಗೆ ಕೈ ಹಾಕಿದಾಗ ಇವರು ಬಂದು ಅದನ್ನು ಮೆಲ್ಲಗೆ ತೆಗೆದು ಬೀರುವಿನ ಮೇಲಿಟ್ಟರು.

“ಸಾಕು ಬಿಡೇ,” ಎಂದರು. “ನಂಗೆ ಯಾವ್ ಕಾಗದಾನೂ ಬೇಡ.”

“ನಂಗೆ ಬೇಕು,” ಎಂದೆ.

ಆಮೇಲೆ ತಾವೇ ಪ್ಯಾಕೆಟ್ಟು ಇಳಿಸಿ, ಎರಡು ಸ್ಲೈಸ್ ತೆಗೆದು, ಬೆಣ್ಣೆ ಸವರಿ ಕೊಟ್ಟರು. ಅಂಚಿನವರೆಗೂ ಸವರಿದ್ದರು. ಮದುವೆಯಾಗಿ ಅಷ್ಟು ವರ್ಷದಲ್ಲಿ ಇವರು ನನಗೆಂದು ಮಾಡಿಕೊಟ್ಟ ಮೊದಲ ತಿಂಡಿ ಅದು. ತಿನ್ನಬಾರದ್ದೇ ಆಗಬೇಕಾಯಿತು.

ಆರು ವಾರ ಮುಗಿಸಿದೆ. ರಕ್ತದಲ್ಲಿ ಗುರುತು ಸಿಕ್ಕಿತು, ಎಂಡೋಸ್ಕೋಪಿಯಲ್ಲಿ ಕರುಳಿನ ಚೂರು ತೆಗೆದು ನೋಡಿದ್ದೂ ಆಯಿತು. ಆ ಹುಡುಗಿ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿ, “ಹೊಸ ಟರ್ಕಿ ಟವೆಲ್ ನೋಡಿದೀರಲ್ಲ ಆಂಟಿ, ಮೈ ತುಂಬ ಎಳೆ ಇರತ್ತೆ, ಹಂಗಿರಬೇಕಿತ್ತು. ನಿಮ್ದು ಒಗೆದೂ ಒಗೆದೂ ಸವೆದ ಟವೆಲ್ ಥರ ಆಗಿದೆ. ಗೋಧಿ ಪೂರ್ತಿ ಬಿಟ್ರೆ ಎಳೆ ನಿಧಾನಕ್ಕೆ ಮತ್ತೆ ಬರತ್ತೆ” ಎಂದಳು.

ಜೀವನಪೂರ್ತಿ ಇರುವ ಕಾಯಿಲೆ ಎಂದು ಕೇಳಿ ಕುಣಿಯಬೇಕೆನಿಸಿದ ಮೊದಲ ಪೇಷೆಂಟು ನಾನೇ ಇರಬೇಕು. ತಿಂದ ಕಬ್ಬಿಣದ ಮಾತ್ರೆಗಳೆಲ್ಲ ಆ ಸವೆದ ಟವೆಲಿನ ಮೇಲೆ ಜಾರಿಹೋಗಿದ್ದವು. ಸಿಕ್ ರೂಮಿನಲ್ಲಿ ಮಲಗಿದ್ದ ಎಂಟು ವರ್ಷದ ಹುಡುಗಿ ನಾಟಕ ಮಾಡಿರಲಿಲ್ಲ. ಹೊರಗೆ ಬಂದು ಇವರು, ಏನು ತಿನ್ನುತ್ತೀಯೆ ಹೇಳು ಎಂದು ಕೇಳಿದರು. ಇಡ್ಲಿ ಎಂದೆ. ಮೂರು ತಿಂದೆ. ಕೊತ್ತಗೆರೆಗೆ ಫೋನ್ ಮಾಡಿದರೆ ಗಂಗಮ್ಮ, ನಾನು ಬಿಟ್ಟಿಯಾಗಿ ಹೇಳಿದ್ದನ್ನೇ ಹೇಳುವುದಕ್ಕೆ ಅವರಿಗೆ ಕರುಳೇ ಬೇಕಾಯಿತೇ ಎಂದಳು.

ಆ ಕಾಗದವನ್ನು ನಾನು ಲ್ಯಾಮಿನೇಟ್ ಮಾಡಿಸಿದೆ. ನಗಬೇಡಿ. ವ್ಯಾನಿಟಿ ಬ್ಯಾಗಿನಲ್ಲಿ ಇಟ್ಟುಕೊಂಡು ಮದುವೆ, ಮುಂಜಿ, ಗೃಹಪ್ರವೇಶ ಎಲ್ಲ ಕಡೆ ಒಯ್ದೆ. ಬಡಿಸುವವರು ಒತ್ತಾಯ ಮಾಡಿದರೆ ತೆಗೆದು ತೋರಿಸುವುದು. ಟ್ರಾಫಿಕ್ ಪೊಲೀಸಿಗೆ ಲೈಸೆನ್ಸ್ ತೋರಿಸಿದ ಹಾಗೆ.

ಆದರೆ ಒಂದು ತಿಂಗಳಾದರೂ ಹೊಟ್ಟೆ ಪೂರ್ತಿ ಸರಿಯಾಗಲಿಲ್ಲ. ಬ್ರೆಡ್ಡಿಲ್ಲ, ರವೆಯಿಲ್ಲ, ದಿನವೂ ಮುದ್ದೆ, ಆದರೂ ಮಧ್ಯೆ ಮಧ್ಯೆ ಹಳೆಯ ನೋವು. ಡಾಕ್ಟರ್ ಹುಡುಗಿ, ಎಲ್ಲಿಂದಲೋ ಸೇರುತ್ತಿದೆ ಹುಡುಕಿ ಎಂದಳು. ಅಂಗಡಿಯ ಇಂಗಿನ ಡಬ್ಬಿಯ ಚಿಕ್ಕ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದಿದರೆ ಅದರಲ್ಲೂ ಗೋಧಿಹಿಟ್ಟು. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಬಂತು. ಅಷ್ಟಾದರೂ ನಿಲ್ಲಲಿಲ್ಲ. ಆಗ ಕಾಲು ನೆಟ್ಟಗಾದ ಗಂಗಮ್ಮ ನಮ್ಮ ಮನೆಗೆ ಬಂದಳು. ಎಲ್ಲವನ್ನೂ ಕೇಳಿಸಿಕೊಂಡು, “ರಾಗಿ ಎಲ್ಲಿ ಬೀಸುಸ್ತೀಯಾ?” ಎಂದಳು.

ನಮ್ಮ ಬೀದಿಯ ತುದಿಯ ಶಿವಣ್ಣನ ಮಿಲ್ಲಿನಲ್ಲಿ. ಇಬ್ಬರೂ ಹೋದೆವು. ನನ್ನ ಮುಂದಿದ್ದ ಹೆಂಗಸಿನ ಗೋಧಿ ಮುಗಿದು, ಅದೇ ಮಿಷನ್ನಿಗೆ ನನ್ನ ರಾಗಿ ಸುರಿದರು. ಗಂಗಮ್ಮ ಹಿಟ್ಟು ಬೀಳುವ ಬಾಯಿಗೆ ಅಂಗೈ ಒಡ್ಡಿದಳು. ಮೊದಲು ಬಿದ್ದದ್ದು ಬೆಳ್ಳಗಿತ್ತು, ಆಮೇಲೆ ಬೂದು, ಆಮೇಲೆ ರಾಗಿಯ ಬಣ್ಣ. ಅಂಗೈಯನ್ನು ನನ್ನ ಕಣ್ಣ ಮುಂದೆ ಹಿಡಿದಳು. ಮಿಲ್ಲಿನಲ್ಲಿ ಇದನ್ನು ಯಾರೂ ತಪ್ಪೆನ್ನುವುದಿಲ್ಲ. ನಿಮ್ಮ ಕೊನೆಯ ಹಿಡಿ ಹಿಂದಿನವರ ಡಬ್ಬಕ್ಕೆ, ಮುಂದಿನವರ ಕೊನೆಯ ಹಿಡಿ ನಿಮ್ಮ ಡಬ್ಬಕ್ಕೆ, ಯಾರಿಗೂ ನಷ್ಟವಿಲ್ಲ. ಕೊತ್ತಗೆರೆಯ ಮಿಲ್ಲಿನಲ್ಲಿ ರಾಗಿಗೇ ಬೇರೆ ಮಿಷನ್ನಿತ್ತು, ಅಲ್ಲಿಂದ ಬಂದ ಹಿಟ್ಟು ಮುಗಿದ ಮೇಲೆ ನಾನು ಇಲ್ಲಿ ಬೀಸಿಸತೊಡಗಿದ್ದೆ. ನಾನು ಗೋಧಿ ಬಿಟ್ಟಿದ್ದೇನೆಂದು ಕಾಗದ ತೋರಿಸುತ್ತಾ ಊರೆಲ್ಲ ಓಡಾಡಿ, ದಿನವೂ ಮುದ್ದೆಯ ಜೊತೆ ಹಿಡಿ ಹಿಡಿ ಗೋಧಿ ನುಂಗುತ್ತಿದ್ದೆ.

ಶಿವಣ್ಣನಿಗೆ ಲ್ಯಾಮಿನೇಟ್ ಕಾಗದ ಕೊಟ್ಟೆ. ಅವರು ಅದನ್ನು ತಲೆಕೆಳಗಾಗಿ ಹಿಡಿದು ಒಂದು ಕ್ಷಣ ನೋಡಿ ವಾಪಸ್ ಕೊಟ್ಟರು. “ಇದೆಲ್ಲ ಯಾಕಕ್ಕ? ಆಗಲ್ಲ ಅಂತ ಬಾಯಲ್ಲಿ ಹೇಳಿದ್ರೆ ಸಾಲ್ದಾ? ಸೋಮವಾರ ಮಿಲ್ಲು ರಜ. ಮಂಗ್ಳವಾರ ಕಲ್ಲು ಬಿಚ್ಚಿ ಒರ್ಸಿ, ಪೂಜೆ ಮಾಡಿ ಸುರು ಮಾಡ್ತೀವಿ. ಬೆಳಿಗ್ಗೆನೇ ಬಂದ್ಬುಡಿ. ನಿಮ್ ರಾಗಿನೇ ಫಸ್ಟು. ಮೊದ್ಲು ಬೀಳೋ ಎರಡು ಸೇರು ನಮ್ ಹಸೂಗೆ.”

ಅಂದಿನಿಂದ ನನಗೆ ಮಂಗಳವಾರವೆಂದರೆ ಹಬ್ಬ. ಊದುಬತ್ತಿಯ ವಾಸನೆ, ಒರೆಸಿದ ಕಲ್ಲು, ಬಿಸಿ ಹಿಟ್ಟು. ಕ್ಯೂನಲ್ಲಿ ನಿಂತವರು ಮೊದಮೊದಲು ಗೊಣಗಿದರು. ಈಗ ಅವರೇ, ತಡೀರಿ, ರಾಗಿ ಅಜ್ಜಿ ಬರಲಿ ಎನ್ನುತ್ತಾರಂತೆ. ಎರಡು ವರ್ಷದ ಮೇಲೆ ಮತ್ತೆ ಎಂಡೋಸ್ಕೋಪಿ ಮಾಡಿದಾಗ, ಟವೆಲಿಗೆ ಎಳೆ ಬಂದಿದೆ ಎಂದಳು ಆ ಹುಡುಗಿ.

ಮೊನ್ನೆ ವಿಮಲಳ ಮಂಚದ ಪಕ್ಕ ಇದನ್ನೆಲ್ಲ ಯೋಚಿಸುತ್ತಾ ಕೂತಿದ್ದೆ. ಅವಳ ಸೊಸೆ ಕಾಫಿ ತಂದಳು, ಜೊತೆಗೆ ಒಂದು ತಟ್ಟೆ ಕೋಡುಬಳೆ. ನಾನು ಅಭ್ಯಾಸದಂತೆ ಕೈ ಅಡ್ಡ ಹಿಡಿದು, ಬ್ಯಾಗಿಗೆ ಕೈ ಹಾಕಲು ಹೋದೆ. ಬ್ಯಾಗೇ ತಂದಿರಲಿಲ್ಲ.

“ಮೈದಾ ಹಾಕಿಲ್ಲ ಆಂಟಿ,” ಎಂದಳು ಸೊಸೆ. “ಬರೀ ಅಕ್ಕಿಹಿಟ್ಟು. ಅಕ್ಕಿ ತೊಳೆದು ಮನೆ ಮಿಕ್ಸೀಲೇ ಮಾಡಿದ್ದು. ಇಂಗು ಹಾಕಿಲ್ಲ. ಎಣ್ಣೆನೂ ಹೊಸದು.”

ನಾನು ವಿಮಲಳ ಮುಖ ನೋಡಿದೆ. ಅವಳು ಹೊಲಿಗೆಯ ಮೇಲೆ ಕೈ ಇಟ್ಟುಕೊಂಡು, ನಗಬಾರದೆಂದು ತಡೆದುಕೊಳ್ಳುತ್ತಾ ಹೇಳಿದಳು: “ಆಪರೇಷನ್‌ಗೆ ಹೋಗೋ ಮುಂಚೆನೇ ಹೇಳಿ ಹೋಗಿದ್ದೆ, ನೀನು ನೋಡೋಕೆ ಬಂದೇ ಬರ್ತೀಯ ಅಂತ. ನಂಗಂತೂ ಕರಿದಿದ್ದು ಬ್ಯಾನ್. ನೀನು ತಿನ್ನು, ನಾನು ನೋಡ್ತೀನಿ.”

ಹೊಟ್ಟೆ ಕೊಯ್ಯಿಸಿಕೊಳ್ಳಲು ಹೊರಟವಳು ನನ್ನ ಹೊಟ್ಟೆಯ ಯೋಚನೆ ಮಾಡಿದ್ದಳು. ನಾನು ಟೀಪಾಯಿಯಿಂದ ಬಾಯಿ ತೆರೆದಿದ್ದ ಬ್ರೆಡ್ಡನ್ನು ಎತ್ತಿ, ಅವಳಿಗೆಂದು ಒಂದು ಸ್ಲೈಸ್ ತೆಗೆದು, ಸುತ್ತಲೂ ಅಂಚು ಬಿಡಿಸಿ ಕೊಟ್ಟೆ. ಪ್ಯಾಕೆಟ್ಟಿನ ಬಾಯಿಗೆ ಮೂಗಿಟ್ಟು ಒಮ್ಮೆ ಉಸಿರೆಳೆದುಕೊಂಡೆ. ಹಾಸ್ಟೆಲಿನ ಉದ್ದನೆಯ ಟೇಬಲ್ಲು, ಬೆಣ್ಣೆ, ಬೆಳಗಿನ ಬಿಸಿಲು ಎಲ್ಲ ಅಲ್ಲೇ ಇದ್ದವು, ಯಾವುದೂ ಕೆಟ್ಟಿರಲಿಲ್ಲ.

ಪ್ಯಾಕೆಟ್ಟಿಗೆ ರಬ್ಬರ್ ಬ್ಯಾಂಡ್ ಹಾಕಿದೆ. ಹಿತ್ತಲಿಗೆ ಹೋಗಿ ಸೋಪು ಹಚ್ಚಿ ಕೈ ತೊಳೆದುಕೊಂಡು ಬಂದೆ. ಬಂದು ಕೂತು, ತಟ್ಟೆಯಲ್ಲಿದ್ದ ಕೋಡುಬಳೆಗಳಲ್ಲಿ ದೊಡ್ಡದನ್ನೇ ಆರಿಸಿಕೊಂಡೆ.